ಗ್ರಾಂಟ್ ಕೌಂಟಿಯಲ್ಲಿ 6 ಎಕರೆ ಜಾಗದ ಮನೆ: ಯುಎಸ್‌ಡಿಎ ಲೋನ್ ಸಿಗುತ್ತಾ?

ಹೊಸಹೊಸಿಲು:
ವಿಸ್ಕಾನ್ಸಿನ್‌ನ ಗ್ರಾಂಟ್ ಕೌಂಟಿಯಲ್ಲಿ ಮನೆ ನೋಡಿದ್ದೇವೆ, ಬೆಲೆ 2,00,000 ಡಾಲರ್. ಜಾಗ 6 ಎಕರೆ. ಅದರಲ್ಲಿ 4 ಎಕರೆ ಪಕ್ಕದ ರೈತನ ಗುತ್ತಿಗೆಯಲ್ಲಿದೆ, ಈಗ ಮುಸುಕಿನ ಜೋಳ ನಿಂತಿದೆ. ಹಳೇ ದನದ ಕೊಟ್ಟಿಗೆ ಖಾಲಿ. ನೀರಿಗೆ ಬೋರ್‌ವೆಲ್, ಜೊತೆಗೆ ಸೆಪ್ಟಿಕ್. ನನ್ನದು ಗ್ರೀನ್ ಕಾರ್ಡ್, ಯಜಮಾನರದು ಇನ್ನೂ ಎಚ್1ಬಿ. ಇಬ್ಬರಿಗೂ ಸಂಬಳ ಇದೆ, ಕೂಡಿಟ್ಟಿದ್ದು ಕಮ್ಮಿ. ಯುಎಸ್‌ಡಿಎಗೆ (ಅಮೆರಿಕದ ಕೃಷಿ ಇಲಾಖೆಯ ಗ್ರಾಮೀಣ ಮನೆ ಸಾಲ) ಹೋಗೋದಾ, ಎಫ್‌ಎಚ್‌ಎಗಾ (ಸರ್ಕಾರಿ ವಿಮೆ ಇರುವ ಮನೆ ಸಾಲ)?

ಬಡ್ಡಿಲೆಕ್ಕ:
ಬರೀ ದುಡ್ಡಿನ ಲೆಕ್ಕದಲ್ಲಿ ಯುಎಸ್‌ಡಿಎ ಗ್ಯಾರಂಟಿ ಲೋನೇ ಮೇಲು; ಸಾಲ ಕೊಡೋದು ಬ್ಯಾಂಕ್, ಜಾಮೀನು ಯುಎಸ್‌ಡಿಎಯದು. ಡೌನ್ ಪೇಮೆಂಟ್ (ಮೊದಲೇ ಕೈಯಿಂದ ಹಾಕುವ ಹಣ) ಸೊನ್ನೆ. ಗ್ಯಾರಂಟಿ ಶುಲ್ಕ 1%, ಅದನ್ನೂ ಸಾಲಕ್ಕೇ ಸೇರಿಸಬಹುದು. ವರ್ಷದ ಶುಲ್ಕ 0.35%, ನಿಮ್ಮ ಮೊತ್ತಕ್ಕೆ ಮೊದಲ ವರ್ಷ ತಿಂಗಳಿಗೆ 59 ಡಾಲರ್ ಹತ್ತಿರ.

ಎಫ್‌ಎಚ್‌ಎಯಲ್ಲಿ 3.5%, ಅಂದರೆ 7,000 ಡಾಲರ್ ಕೈಯಿಂದ ಹಾಕಬೇಕು. ಸಾಲದ ವಿಮೆ ಮೊದಲಿಗೆ 1.75%, ಆಮೇಲೆ ವರ್ಷಕ್ಕೆ 0.55%, ತಿಂಗಳಿಗೆ 88ರ ಆಸುಪಾಸು. 10%ಗಿಂತ ಕಮ್ಮಿ ಡೌನ್ ಹಾಕಿದರೆ ಆ ವಿಮೆ ಸಾಲ ಮುಗಿಯುವವರೆಗೂ ಬಿಡಲ್ಲ. ಯುಎಸ್‌ಡಿಎ ವರ್ಷದ ಶುಲ್ಕವೂ ಹಾಗೇ ಅನ್ನಿ.

ಸೊನ್ನೆ ಡೌನ್ ಅಂದರೆ ಸೊನ್ನೆ ಖರ್ಚಲ್ಲ. ಕ್ಲೋಸಿಂಗ್ (ಖರೀದಿ ಪೂರ್ತಿ ಮಾಡುವ) ಖರ್ಚು ಬೇರೆ ಇದೆ. ಮಾರುವವರು ಬೆಲೆಯ 6%ವರೆಗೆ ಅದನ್ನು ಹೊರಬಹುದು. ಆಫರ್ ಬರೆಯುವಾಗಲೇ ಕೇಳಿ.

ಕಾಗದಪತ್ರ:
ಮೇಡಂ, ದುಡ್ಡಿಗಿಂತ ಮೊದಲು ಅರ್ಹತೆ ನೋಡಿ. ಅರ್ಜಿ ನಿಮ್ಮೊಬ್ಬರ ಹೆಸರಲ್ಲೇ ಆಗಬೇಕು. ಯುಎಸ್‌ಡಿಎ ಎಚ್1ಬಿಯವರನ್ನು ಸಾಲಗಾರರಾಗಿ ತಗೊಳ್ಳಲ್ಲ. ಎಫ್‌ಎಚ್‌ಎ ಕೂಡ 2025ರ ಮೇ 25ರಿಂದ ಆ ಬಾಗಿಲು ಮುಚ್ಚಿದೆ.

ಇಲ್ಲಿ ಮೂರು ಕಡೆ ಸಿಕ್ಕಿಕೊಳ್ಳುತ್ತೀರಿ. ಯುಎಸ್‌ಡಿಎ ವರಮಾನದ ಮಿತಿ (ಆ ಪ್ರದೇಶದ ಮಧ್ಯಮ ವರಮಾನದ 115%) ನೋಡುವಾಗ ಮನೆಯಲ್ಲಿರುವ ದೊಡ್ಡವರೆಲ್ಲರ ಸಂಪಾದನೆ ಸೇರುತ್ತೆ, ಯಜಮಾನರದ್ದೂ. ಆದರೆ ತೀರಿಸುವ ಶಕ್ತಿ ಅಳೆಯುವಾಗ ನಿಮ್ಮ ಸಂಬಳ ಮಾತ್ರ. ಸಾಮಾನ್ಯ ಅಳತೆ 29/41: ಮನೆಯ ಕಂತು, ತೆರಿಗೆ, ವಿಮೆ ಸೇರಿ ಸಂಬಳದ 29%, ಉಳಿದ ಸಾಲಗಳೂ ಸೇರಿ 41%. ಮೂರನೆಯದು ಯಾರೂ ಹೇಳಲ್ಲ: ವಿಸ್ಕಾನ್ಸಿನ್‌ನಲ್ಲಿ ಗಂಡ-ಹೆಂಡಿರ ಆಸ್ತಿ ಜಂಟಿ ಅಂತ ಲೆಕ್ಕ. ಹಾಗಾಗಿ ಅವರ ಸಂಬಳ ಹಿಡಿಯದಿದ್ದರೂ ಅವರ ಕಾರ್ ಲೋನ್, ಕಾರ್ಡ್ ಬಾಕಿ ನಿಮ್ಮ 41%ಗೆ ಬಂದು ಕೂರುತ್ತೆ. ಅರ್ಜಿಗೆ ಮುಂಚೆ ಅವರ ಸಾಲವನ್ನೇ ಮೊದಲು ತೀರಿಸಿ.

ಇಬ್ಬರ ಸಂಬಳ ಸೇರಿ ಮಿತಿ ದಾಟಿದರೆ ಈ ಎರಡರಲ್ಲಿ ಎಫ್‌ಎಚ್‌ಎಯೇ ಗತಿ. ಅದಕ್ಕೆ ವರಮಾನದ ಮೇಲ್ಮಿತಿ ಇಲ್ಲ.

ಕಣಜ:
ನನಗೆ ಅನುಮಾನ ಆ 4 ಎಕರೆ ಮೇಲೆ. ಮುಖ್ಯವಾಗಿ ಆದಾಯಕ್ಕಾಗಿ ಇರುವ ಜಮೀನು, ಕಟ್ಟಡಕ್ಕೆ ಯುಎಸ್‌ಡಿಎ ಮನೆ ಸಾಲ ಇಲ್ಲ. 6 ಎಕರೆ ಅನ್ನೋದು ತಪ್ಪಲ್ಲ, ಆ ಭಾಗದಲ್ಲಿ ಅಷ್ಟು ಜಾಗ ಮಾಮೂಲಿ ಅಂತ ಅಪ್ರೈಸರ್ (ಮನೆಗೆ ಬೆಲೆ ಕಟ್ಟುವವರು) ತೋರಿಸಿದರೆ ಸಾಕು. ಖಾಲಿ ಕೊಟ್ಟಿಗೆ ಸಾಮಾನು ಇಡಲು ಅಂದರೆ ಸಾಮಾನ್ಯವಾಗಿ ತಕರಾರಿಲ್ಲ. ಗುತ್ತಿಗೆ ಮಾತ್ರ ತಕರಾರು.

ಬೋರ್‌ವೆಲ್ ನೀರನ್ನು ಪ್ರಮಾಣಿತ ಲ್ಯಾಬಿಗೆ ಕೊಡಿಸಿ. ಹೊಲದ ನಡುವಿನ ಬಾವಿಗಳಲ್ಲಿ ಗೊಬ್ಬರದ ನೈಟ್ರೇಟ್ ಇಳಿದಿರಬಹುದು. ಲೀಟರಿಗೆ 10 ಮಿಲಿಗ್ರಾಂ ದಾಟಬಾರದು. ಬ್ಯಾಕ್ಟೀರಿಯಾ ಸಿಕ್ಕರೆ ಕ್ಲೋರಿನ್ ಹಾಕಿ ಮತ್ತೆ ಪರೀಕ್ಷೆ. ನೈಟ್ರೇಟಿಗೆ ಅದು ನಡೆಯಲ್ಲ, ಕುದಿಸಿದರೂ ಹೋಗಲ್ಲ. ಆರ್‌ಒ ಫಿಲ್ಟರ್ ಬೇಕು. ಎಫ್‌ಎಚ್‌ಎ ಆದರೆ ಅಂತರವನ್ನೂ ಅಳೆಯುತ್ತಾರೆ: ಬಾವಿಯಿಂದ ಸೆಪ್ಟಿಕ್ ಟ್ಯಾಂಕಿಗೆ 50 ಅಡಿ, ನೀರು ಇಂಗುವ ಜಾಗಕ್ಕೆ 100 ಅಡಿ.

ಹೊಸಹೊಸಿಲು:
ಹಾಗಾದರೆ ಜೋಳ ಕೊಯ್ಯೋವರೆಗೂ ಕಾಯಬೇಕಾ?

ಕಣಜ:
ಎರಡು ದಾರಿ. ಗುತ್ತಿಗೆ ಮುಗಿದಿದೆ ಅಂತ ಕ್ಲೋಸಿಂಗ್‌ಗೆ ಮುಂಚೆ ಬರಹದಲ್ಲಿ ಪಡೆದು, ಅಷ್ಟು ಸಾಕಾ ಅಂತ ಬ್ಯಾಂಕಿನವರನ್ನು ಮೊದಲೇ ಕೇಳಿ. ಇಲ್ಲವೇ ಮಾರುವವರು 4 ಎಕರೆಯನ್ನು ಸರ್ವೆ ಮಾಡಿಸಿ ಬೇರೆ ಮಾಡಲಿ, ನೀವು 2 ಎಕರೆಗೆ ಆಫರ್ ಹಾಕಿ. ಆಗ ಅಪ್ರೈಸಲ್ ಹೊಸ ಗಡಿಯ ಮೇಲೇ ಆಗಬೇಕು, ಹಳೇ ಅಳತೆಯದ್ದು ನಡೆಯಲ್ಲ.

ಕಾಗದಪತ್ರ:
ದಿನಾಂಕ ಬಿಗಿಯಾಗಿ ಹಾಕಬೇಡಿ. ಬ್ಯಾಂಕ್ ಒಪ್ಪಿದ ಮೇಲೆ ಕಡತ ಯುಎಸ್‌ಡಿಎಯ ರೂರಲ್ ಡೆವಲಪ್‌ಮೆಂಟ್ ವಿಭಾಗಕ್ಕೂ ಹೋಗಿ, ಅಲ್ಲಿಂದ ಷರತ್ತಿನ ಒಪ್ಪಿಗೆ ಪತ್ರ ಬರಬೇಕು. ಅಕ್ಟೋಬರ್ 1ಕ್ಕೆ ಅವರ ಹಣಕಾಸು ವರ್ಷ ಹೊಸದಾಗುತ್ತೆ, ಬಜೆಟ್ ತಡವಾದರೆ ಕಡತವೂ ನಿಲ್ಲಬಹುದು.