ಸಹಾಯ ಬೇಕು: ಜೇಡದ ಕೋರೆ ಮುರಿಯದಂತೆ ಬಿಡಿಸುವುದು ಹೇಗೆ?

ಶೇ. 70ರ ಆಲ್ಕೋಹಾಲ್‌ನಲ್ಲಿಟ್ಟ ಸಣ್ಣ ಜೇಡಗಳ ಕೆಲಿಸೆರೆಯಲ್ಲಿ (ಬಾಯಿಯ ಮುಂದಿನ, ತುದಿಯಲ್ಲಿ ಕೋರೆಯಿರುವ ಜೋಡಿ ಅಂಗ) ಹಲ್ಲು ಎಣಿಸಬೇಕಿದೆ. ಕೋರೆ ಮಡಚಿ ತೋಡಿನಲ್ಲಿ ಕೂತಿರುವುದರಿಂದ ಅಂಚಿನ ಹಲ್ಲುಗಳು ಮರೆಯಾಗುತ್ತವೆ. ಸೂಜಿಯಿಂದ ಎತ್ತಿದರೆ ಬುಡದ ಕೀಲಿನಲ್ಲೇ ಮುರಿಯುತ್ತದೆ. ಆಲ್ಕೋಹಾಲ್‌ನಲ್ಲಿ ಸ್ನಾಯು ಬಿಗಿದುಕೊಂಡಿರುತ್ತದಲ್ಲ. ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಸ್ನಾಯು ಕರಗುತ್ತದೆ ನಿಜ, ಆದರೆ ಹೊತ್ತು ಮೀರಿದರೆ ಕವಚವೂ ಪಾರದರ್ಶಕವಾಗಿ, ಕೆಳಗಿನಿಂದ ಬೆಳಕು ಬಿಟ್ಟಾಗ ಹಲ್ಲಿನ ಮುಂದಿನ, ಹಿಂದಿನ ಸಾಲುಗಳು ಒಂದರ ಮೇಲೊಂದು ಕಾಣುತ್ತವೆ. ಚೇಳಿನಲ್ಲಿ ಈ ಕಷ್ಟವಿಲ್ಲ: ಅದರ ಕೆಲಿಸೆರೆ ಮೂರು ಖಂಡದ ಇಕ್ಕಳ, ಜೇಡದ್ದು ಎರಡೇ ಖಂಡದ ಮಡಚುಕತ್ತಿ.

ಎಡಭಾಗ ಮಾತ್ರ ಬಿಚ್ಚಿ, ಬಲಭಾಗ ಹಾಗೇ ಉಳಿಸಬೇಕು. ಲ್ಯಾಕ್ಟಿಕ್ ಆಮ್ಲದಲ್ಲಿ ಕೀಲು ಸಡಿಲಿಸಿದವರಿದ್ದೀರಾ? ಎಷ್ಟು ಹೊತ್ತು, ಬಿಸಿ ಮಾಡಬೇಕೇ? ಅಂಚಿನ ದಟ್ಟ ರೋಮ ಸರಿಸಲು ಏನು ಬಳಸುತ್ತೀರಿ, ದಯವಿಟ್ಟು ತಿಳಿಸಿ.