ಕಟ್ಟಡದ ಒಟಿ ನೆಟ್‌ವರ್ಕ್: ಇಷ್ಟೊಂದು ಟೀಮ್‌ಗಳನ್ನು ಒಟ್ಟಿಗೆ ಕರೆದುಕೊಂಡು ಹೋಗುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಎಲೆಕ್ಟ್ರಿಕಲ್ ಕಡೆಯಿಂದ ಬಂದವಳು. ಬೆಂಗಳೂರಿನಲ್ಲಿ ಎರಡು ಟವರ್‌ಗಳ ಆಫೀಸ್ ಕಟ್ಟಡ ಏಳುತ್ತಿದೆ. ಮಾಲೀಕರ ಕಡೆಯಿಂದ ಅದರ ಒಟಿ ನೆಟ್‌ವರ್ಕ್ (ಆಪರೇಶನಲ್ ಟೆಕ್ನಾಲಜಿ, ಅಂದರೆ ಕಟ್ಟಡದ ಯಂತ್ರಗಳನ್ನು ನಡೆಸುವ ನೆಟ್‌ವರ್ಕ್) ನೋಡಿಕೊಳ್ಳುವ ಜವಾಬ್ದಾರಿ ನನ್ನ ಮೇಲಿದೆ. ಎಸಿ, ಪಂಪು, ಲೈಟು, ಎನರ್ಜಿ ಮೀಟರ್, ಕ್ಯಾಮೆರಾ, ಡೋರ್ ಆಕ್ಸೆಸ್, ಫೈರ್ ಅಲಾರಂ, ಲಿಫ್ಟ್ ಇವೆಲ್ಲ ಈ ನೆಟ್‌ವರ್ಕ್‌ಗೆ ಬರಬೇಕು. ಒಬ್ಬೊಬ್ಬರದ್ದು ಒಂದೊಂದು ಕಾಂಟ್ರಾಕ್ಟ್. ಐಟಿ ಟೀಮ್ "ಇದು ನಮ್ಮದಲ್ಲ" ಅನ್ನುತ್ತದೆ. ಬಿಎಂಎಸ್‌ನವರು (ಎಲ್ಲ ಯಂತ್ರಗಳನ್ನೂ ಒಂದೇ ಕಡೆಯಿಂದ ನೋಡಿ ನಡೆಸುವ ಬಿಲ್ಡಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಹಾಕುವವರು) "ನೆಟ್‌ವರ್ಕ್ ಸ್ವಿಚ್ ನಮ್ಮ ಸ್ಕೋಪ್‌ನಲ್ಲಿಲ್ಲ" ಅನ್ನುತ್ತಾರೆ. ಹ್ಯಾಂಡೋವರ್‌ಗೆ ಹತ್ತು ತಿಂಗಳಿದೆ. ಇಂಥ ಕೆಲಸ ಮಾಡಿದವರು ನಿಮ್ಮ ಅನುಭವ ಹೇಳಿ. ಎಲ್ಲಿಂದ ಶುರು ಮಾಡಲಿ?

ಬಿಎಂಎಸ್ ಕಮಿಷನಿಂಗ್ ಎಂಜಿನಿಯರ್, ಬೆಂಗಳೂರು

ಮೇಡಂ, ಹತ್ತು ತಿಂಗಳು ಕೈಯಲ್ಲಿದೆ ಅನ್ನುವುದೇ ದೊಡ್ಡ ವಿಷಯ. ನನ್ನನ್ನು ಎಷ್ಟೋ ಸೈಟ್‌ಗಳಿಗೆ ಕರೆದದ್ದು ಕೊನೆಯ ಆರು ವಾರದಲ್ಲಿ. ಅಷ್ಟು ಹೊತ್ತಿಗೆ ಫಾಲ್ಸ್ ಸೀಲಿಂಗ್ ಮುಚ್ಚಿರುತ್ತದೆ. ಎಲ್ಲರ ಬಿಲ್ಲೂ ಮುಕ್ಕಾಲು ಪಾಸ್ ಆಗಿರುತ್ತದೆ. ಆಗ ಯಾರನ್ನೂ ವಾಪಸ್ ಕರೆಸಿ ಕೆಲಸ ಮಾಡಿಸುವುದು ತುಂಬಾ ಕಷ್ಟ.

ಮೊದಲು ಒಂದು ಎಕ್ಸೆಲ್ ಹಾಳೆ ಮಾಡಿ. ಕೆಳಮುಖವಾಗಿ ಒಂದೊಂದೇ ಸಿಸ್ಟಮ್ ಬರೆಯಿರಿ: ಚಿಲ್ಲರ್ (ಎಸಿಗೆ ನೀರು ತಂಪು ಮಾಡುವ ಯಂತ್ರ), ಎಎಚ್‌ಯು (ತಂಪು ಗಾಳಿ ಬೀಸುವ ಯಂತ್ರ), ವಿಎಫ್‌ಡಿ (ಮೋಟರ್ ವೇಗ ಬದಲಿಸುವ ಡ್ರೈವ್), ಡಿಜಿ (ಡೀಸೆಲ್ ಜನರೇಟರ್), ಎನರ್ಜಿ ಮೀಟರ್, ಫೈರ್ ಪ್ಯಾನೆಲ್, ಲಿಫ್ಟ್, ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ). ಅಡ್ಡಕ್ಕೆ ಪ್ರಶ್ನೆಗಳು. ಕೇಬಲ್ ಯಾರು ಎಳೆಯುತ್ತಾರೆ? ಎರಡೂ ತುದಿ ಯಾರು ಟರ್ಮಿನೇಟ್ ಮಾಡುತ್ತಾರೆ? ಸ್ವಿಚ್ ಪೋರ್ಟ್ ಯಾರದು? ಐಪಿ ಯಾರು ಕೊಡುತ್ತಾರೆ? ಗೇಟ್‌ವೇ (ಒಂದು ಸಿಸ್ಟಮ್‌ನ ಭಾಷೆಯನ್ನು ಇನ್ನೊಂದಕ್ಕೆ ತಿಳಿಸುವ ಸಾಧನ) ಯಾರ ಪಿಒದಲ್ಲಿ (ಖರೀದಿ ಆರ್ಡರ್) ಇದೆ? ಪವರ್ ಯುಪಿಎಸ್‌ನಿಂದಲೋ, ಮಾಮೂಲಿ ಲೈನ್‌ನಿಂದಲೋ? ಟೆಸ್ಟ್ ದಿನ ಯಾರು ಸೈಟ್‌ನಲ್ಲಿರಬೇಕು? ಒಂದು ಚೌಕಕ್ಕೆ ಒಂದೇ ಕಂಪನಿಯ ಹೆಸರು ಬರೆಯಿರಿ. ನಮ್ಮ ಬಿಒಕ್ಯೂಗಳಲ್ಲಿ (ಕಾಂಟ್ರಾಕ್ಟ್‌ನ ಕೆಲಸ, ಸಾಮಗ್ರಿಗಳ ಪಟ್ಟಿ) "ಬೈ ಅದರ್ಸ್" (ಬೇರೆಯವರು ಮಾಡಬೇಕು) ಅನ್ನುವ ಮಾತು ತುಂಬಾ ಇರುತ್ತದೆ. ನಾಲ್ಕೂ ಜನರ ಬಿಒಕ್ಯೂದಲ್ಲಿ ಒಂದೇ ಕೆಲಸ ಬೈ ಅದರ್ಸ್ ಅಂತಿದ್ದರೆ, ಆ ಕೆಲಸಕ್ಕೆ ಜನವೇ ಇಲ್ಲ.

ನಾನು ಅನುಭವಿಸಿದ್ದು ಹೇಳುತ್ತೇನೆ. ಒಂದು ಕಟ್ಟಡದಲ್ಲಿ ಚಿಲ್ಲರ್ ಬಂದು ಕೂತಿತು. ಪಿಒದಲ್ಲಿ "ಬಿಎಂಎಸ್ ಕಂಪ್ಯಾಟಿಬಲ್" ಅಂತಿತ್ತು. ಪ್ಯಾನೆಲ್ ತೆಗೆದು ನೋಡಿದರೆ ಬ್ಯಾಕ್‌ನೆಟ್ (ಕಟ್ಟಡದ ಯಂತ್ರಗಳು ಮಾತಾಡಿಕೊಳ್ಳುವ ಸಾಮಾನ್ಯ ಭಾಷೆ) ಕಾರ್ಡ್ ಕೂರುವ ಜಾಗ ಖಾಲಿ. ಕಂಪ್ಯಾಟಿಬಲ್ ಅಂದರೆ ಕಾರ್ಡ್ ಹಾಕಬಹುದು ಅಂತ ಅಷ್ಟೇ. ಕಾರ್ಡ್‌ಗೆ ಬೇರೆ ದುಡ್ಡು, ಬೇರೆ ಆರ್ಡರ್. ಅದು ಬರುವವರೆಗೆ ಒಬ್ಬ ಆಪರೇಟರ್ ದಿನಕ್ಕೆ ನಾಲ್ಕು ಸಲ ಪ್ಲಾಂಟ್ ರೂಮ್‌ಗೆ ಹೋಗಿ ರೀಡಿಂಗ್ ಬರೆದುಕೊಂಡು ಬರುತ್ತಿದ್ದರು. ಹಾಗಾಗಿ ನಿಮ್ಮ ಚಿಲ್ಲರ್, ವಿಎಫ್‌ಡಿ, ಯುಪಿಎಸ್, ಡಿಜಿ ಪಿಒಗಳನ್ನು ಈ ವಾರವೇ ತೆಗೆದು ನೋಡಿ. ಕಾರ್ಡ್‌ನ ಪಾರ್ಟ್ ನಂಬರ್ ಇದೆಯಾ? ಪಾಯಿಂಟ್ ಲಿಸ್ಟ್ (ಯಂತ್ರದಿಂದ ಯಾವ ಯಾವ ರೀಡಿಂಗ್, ಸಿಗ್ನಲ್ ಸಿಗುತ್ತದೆ ಅನ್ನುವ ಪಟ್ಟಿ) ಕೊಡುತ್ತೇವೆ ಅಂತ ಬರೆದಿದ್ದಾರಾ? ಇಲ್ಲದಿದ್ದರೆ ಈಗಲೇ ತಿದ್ದಿಸಿ.

ಇನ್ನೊಂದು ಗಂಟು ಹಬ್ ರೂಮ್‌ನದು, ಅಂದರೆ ಸ್ವಿಚ್‌ಗಳನ್ನು ಇಡುವ ಕೋಣೆಯದು. ಧೂಳು ಹೋಗಿ ಎಸಿ ಶುರುವಾಗುವವರೆಗೆ ಸ್ವಿಚ್ ಹಾಕುವುದಿಲ್ಲ ಅಂತ ಐಟಿಯವರು ಹೇಳುತ್ತಾರೆ. ಅದು ಸರಿಯಾದ ಮಾತೇ. ಆದರೆ ಎಸಿ ಓಡಿಸಿ ಬ್ಯಾಲೆನ್ಸ್ ಮಾಡಲು (ಎಲ್ಲ ಕಡೆ ಗಾಳಿ, ನೀರು ಬೇಕಾದಷ್ಟು ಹೋಗುವಂತೆ ಹೊಂದಿಸಲು) ನಮಗೆ ಸ್ವಿಚ್ ಬೇಕು. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ಒಂದು ತಿಂಗಳು ಕಳೆದುಬಿಡುತ್ತದೆ. ನಾವು ಕಂಡುಕೊಂಡ ದಾರಿ: ಪ್ರತಿ ಟವರ್‌ಗೆ ಒಂದೆರಡು ತಾತ್ಕಾಲಿಕ ಸ್ವಿಚ್, ಮುಚ್ಚಿದ ಬಾಕ್ಸ್‌ನಲ್ಲಿ. ಐಪಿ ಮಾತ್ರ ಕೊನೆಗೆ ಬಳಸುವ ಅಸಲಿ ಐಪಿಯೇ. ಆಮೇಲೆ ಸ್ವಿಚ್ ಬದಲಿಸಿದರೂ ಕಂಟ್ರೋಲರ್ (ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್) ಮುಟ್ಟಬೇಕಾಗಿಲ್ಲ. ಈ ತಾತ್ಕಾಲಿಕ ಸ್ವಿಚ್‌ಗಳನ್ನು ಯಾರು ಕೊಡಬೇಕು ಅನ್ನುವುದಕ್ಕೂ ಆ ಹಾಳೆಯಲ್ಲಿ ಒಂದು ಸಾಲಿರಲಿ.

ನಂಬರ್‌ಗಳನ್ನು ಮಾತ್ರ ನೀವೇ ಹಂಚಿ. ಬ್ಯಾಕ್‌ನೆಟ್‌ನಲ್ಲಿ ಪ್ರತಿ ಕಂಟ್ರೋಲರ್‌ಗೂ ಒಂದು ಡಿವೈಸ್ ನಂಬರ್ ಇರುತ್ತದೆ. 0ಯಿಂದ 4194302ರವರೆಗೆ ಯಾವುದಾದರೂ ಆಗಬಹುದು. ಆದರೆ ಇಡೀ ನೆಟ್‌ವರ್ಕ್‌ನಲ್ಲಿ ಅದೇ ನಂಬರ್ ಇನ್ನೊಂದಕ್ಕೆ ಇರಬಾರದು. ಒಬ್ಬ ಕಾಂಟ್ರಾಕ್ಟರ್ 1, 2, 3 ಅಂತ ಕೊಡುತ್ತಾ ಹೋಗುತ್ತಾರೆ. ಪಕ್ಕದ ಟವರ್‌ನವರೂ 1ರಿಂದಲೇ ಶುರು ಮಾಡಿರುತ್ತಾರೆ. ಬೇರೆ ಬೇರೆ ಇರುವಾಗ ಎರಡೂ ಚೆನ್ನಾಗಿ ನಡೆಯುತ್ತವೆ. ಸೇರಿಸಿದ ದಿನ ಗ್ರಾಫಿಕ್ಸ್‌ನಲ್ಲಿ ಒಂದು ಎಎಚ್‌ಯು ಕಂಡು ಇನ್ನೊಂದು ಮಾಯ! ಟವರ್, ಮಹಡಿ, ಕ್ರಮಸಂಖ್ಯೆ ಸೇರಿಸಿ ನಂಬರ್ ಮಾಡಿ. ಎರಡನೇ ಟವರ್, ಏಳನೇ ಮಹಡಿ, ಹದಿನೈದನೇ ಕಂಟ್ರೋಲರ್ ಅಂದರೆ 207015. ನಂಬರ್ ನೋಡಿದರೆ ಸಾಕು, ಯಾವ ಮಹಡಿಗೆ ಏಣಿ ತೆಗೆದುಕೊಂಡು ಹೋಗಬೇಕು ಅಂತ ಗೊತ್ತಾಗುತ್ತದೆ.

ನೆಟ್‌ವರ್ಕ್ ಎಂಜಿನಿಯರ್, ಐಟಿ ಕಡೆಯವನು

ಐಟಿಯವರು "ನಮ್ಮದಲ್ಲ" ಅನ್ನುವುದಕ್ಕೆ ಕಾರಣ ಇದೆ. ಅದನ್ನು ಅರ್ಥ ಮಾಡಿಕೊಂಡರೆ ನಿಮ್ಮ ಅರ್ಧ ಕೆಲಸ ಆದ ಹಾಗೆ. ನಮಗೆ ಇದು ಕಿವಿಗೆ ಬೀಳುವುದೇ ಕೊನೆಗೆ. ಒಂದು ದಿನ ಯಾರೋ ಬಂದು "ಸರ್, ಮುನ್ನೂರು ಪೋರ್ಟ್ ಬೇಕು, ನಾಳೆಗೆ" ಅನ್ನುತ್ತಾರೆ. ಏನು ಡಿವೈಸ್, ಯಾವ ಪೋರ್ಟ್ ನಂಬರ್, ಎಷ್ಟು ಟ್ರಾಫಿಕ್ ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಅದಕ್ಕೇ ಬೇಡ ಅಂದುಬಿಡುತ್ತೇವೆ.

ನಮ್ಮನ್ನು ಡಿಸೈನ್ ಹಂತದಲ್ಲೇ ಕೂರಿಸಿಕೊಳ್ಳಿ. ಎರಡು ವಿಷಯ ಬಾಯಿಬಿಟ್ಟು ಹೇಳಿ. ಮೊದಲನೆಯದು, ಬ್ಯಾಕ್‌ನೆಟ್ ಐಪಿ ಯುಡಿಪಿ 47808ರಲ್ಲಿ ಓಡುತ್ತದೆ, ಬ್ರಾಡ್‌ಕಾಸ್ಟ್ (ಎಲ್ಲರಿಗೂ ಒಟ್ಟಿಗೆ ಕೂಗಿ ಹೇಳುವ ಸಂದೇಶ) ಮೇಲೆ ನಿಂತಿದೆ. ಬ್ರಾಡ್‌ಕಾಸ್ಟ್ ರೂಟರ್ ದಾಟುವುದಿಲ್ಲ. ನಾವು ನಮ್ಮ ಅಭ್ಯಾಸದಂತೆ ಮಹಡಿಗೊಂದು ವಿಲ್ಯಾನ್ (ಅದೇ ಸ್ವಿಚ್‌ಗಳ ಮೇಲೆ ಬೇರೆ ಮಾಡಿದ ನೆಟ್‌ವರ್ಕ್ ಭಾಗ) ಮಾಡಿದರೆ ಮೇಲಿನ ಮಹಡಿಯ ಕಂಟ್ರೋಲರ್ ಕೆಳಗಿನ ಸರ್ವರ್‌ಗೆ ಕಾಣುವುದಿಲ್ಲ. ಆಗ ಸಬ್‌ನೆಟ್‌ಗೆ (ನೆಟ್‌ವರ್ಕ್‌ನ ಒಂದೊಂದು ಭಾಗಕ್ಕೆ) ಒಂದರಂತೆ ಬಿಬಿಎಂಡಿ, ಅಂದರೆ ಬ್ರಾಡ್‌ಕಾಸ್ಟ್ ಅನ್ನು ರೂಟರ್ ದಾಟಿಸುವ ವ್ಯವಸ್ಥೆ, ಬೇಕು. ಅದು ಯಾವ ಕಂಟ್ರೋಲರ್‌ನಲ್ಲಿ ಇರುತ್ತದೆ ಅಂತ ಇಬ್ಬರೂ ಒಪ್ಪಿ ಬರೆದಿಡಬೇಕು. ಎರಡನೆಯದು, ಹಳೆಯ ಮಾದರಿಯ ಕಂಟ್ರೋಲರ್‌ಗಳಿಗೆ ನಮ್ಮ ಸೆಕ್ಯುರಿಟಿ ಸ್ಕ್ಯಾನ್ ತಡೆದುಕೊಳ್ಳುವ ಶಕ್ತಿ ಇಲ್ಲ. ನಾನೇ ಒಮ್ಮೆ ಹೇಳದೆ ಕೇಳದೆ ಸ್ಕ್ಯಾನ್ ಓಡಿಸಿದ್ದೆ. ಆರು ಕಂಟ್ರೋಲರ್ ಹ್ಯಾಂಗ್ ಆದವು, ಒಂದು ಮಹಡಿಯ ಎಸಿ ನಿಂತಿತು. ಅವತ್ತಿನಿಂದ ಒಟಿ ವಿಲ್ಯಾನ್‌ಗೆ ಕೈ ಹಾಕುವ ಮೊದಲು ಬಿಎಂಎಸ್‌ನವರಿಗೆ ಫೋನ್ ಮಾಡುತ್ತೇನೆ.

ಒಟಿಗೆ ಪೂರ್ತಿ ಬೇರೆ ಸ್ವಿಚ್ ಬೇಕು ಅಂತ ಅನೇಕರು ಹೇಳುತ್ತಾರೆ. ನಾನು ಅದನ್ನು ಹಟ ಹಿಡಿಯುವುದಿಲ್ಲ. ಒಳ್ಳೆಯ ಮ್ಯಾನೇಜ್ಡ್ ಸ್ವಿಚ್, ಬೇರೆ ವಿಲ್ಯಾನ್, ನಡುವೆ ಫೈರ್‌ವಾಲ್ ಇದ್ದರೆ ಒಂದೇ ಸ್ವಿಚ್‌ನಲ್ಲೂ ನಡೆಸಬಹುದು. ಆದರೆ ಬಾಡಿಗೆದಾರರು ಬದಲಾಗುವ ಕಟ್ಟಡ ಆಗಿದ್ದರೆ ಬೇರೆಯೇ ಇರಲಿ. ಬಾಡಿಗೆದಾರರ ಐಟಿ ಖಾಲಿ ಮಾಡಿಕೊಂಡು ಹೋದ ದಿನ ನಿಮ್ಮ ಪಂಪ್ ನಿಲ್ಲಬಾರದು ಅಲ್ವಾ?

ಹೊರಗಿನಿಂದ ರಿಮೋಟ್ ಲಾಗಿನ್ ವಿಷಯ ಕಾಂಟ್ರಾಕ್ಟ್ ಸಮಯದಲ್ಲೇ ಗಟ್ಟಿ ಮಾಡಿ. ಅಮೆರಿಕದ ಟಾರ್ಗೆಟ್ ಅಂಗಡಿಗಳಿಂದ 2013ರಲ್ಲಿ ಸುಮಾರು 4 ಕೋಟಿ ಕಾರ್ಡ್‌ಗಳ ಮಾಹಿತಿ ಹೋಯಿತಲ್ಲ, ಕಳ್ಳರು ಒಳಗೆ ಬಂದದ್ದು ಎಸಿ, ರೆಫ್ರಿಜರೇಶನ್ ಕೆಲಸದ ಗುತ್ತಿಗೆದಾರರಿಗೆ ಕೊಟ್ಟಿದ್ದ ಲಾಗಿನ್ ಕದ್ದು. ಪ್ರತಿ ವೆಂಡರ್ ತಮ್ಮದೇ 4ಜಿ ರೂಟರ್ ತಂದು ಪ್ಯಾನೆಲ್ ಒಳಗೆ ಇಟ್ಟು ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದೇ ವಿಪಿಎನ್, ಒಬ್ಬೊಬ್ಬರಿಗೆ ಒಂದೊಂದು ಹೆಸರಿನ ಲಾಗಿನ್, ಕೆಲಸ ಮುಗಿದ ಮೇಲೆ ಬಂದ್. ನಮ್ಮ ದೇಶದಲ್ಲಿ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದ ಪ್ರಕಾರ ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು, ಲಾಗ್ (ಯಾವಾಗ ಏನಾಯಿತು ಅನ್ನುವ ದಾಖಲೆ) 180 ದಿನ ಇಡಬೇಕು. ತಿಳಿಸಬೇಕಾದ ಘಟನೆಗಳ ಪಟ್ಟಿಯಲ್ಲಿ ಒಟಿ ಮೇಲಿನ ದಾಳಿಯೂ ಇದೆ. ಆ ಲಾಗ್ ಯಾರು ಇಡುತ್ತಾರೆ, ಕಂಟ್ರೋಲರ್‌ಗಳ ಗಡಿಯಾರ ಯಾವ ಸರ್ವರ್ ನೋಡಿಕೊಂಡು ಸರಿಯಾಗುತ್ತದೆ ಅನ್ನುವುದನ್ನೂ ನಿಮ್ಮ ಹಾಳೆಗೆ ಸೇರಿಸಿ.

ಸೈಟ್ ಸೂಪರ್‌ವೈಸರ್, ಹುಬ್ಬಳ್ಳಿಯವನು, ಈಗ ವೈಟ್‌ಫೀಲ್ಡ್‌ನಲ್ಲಿ ಕೆಲಸ

ಮೇಲಿನ ಇಬ್ಬರು ಸರ್ ಹೇಳಿದ್ದು ಎಲ್ಲಾ ಮೀಟಿಂಗ್ ರೂಮ್‌ನ ಮಾತು. ಅದು ಬೇಕೇ ಬೇಕು. ಆದರೆ ಕೇಬಲ್ ಎಳೆಯುವ ಹುಡುಗರಿಗೆ ಅದು ಮುಟ್ಟುವುದಿಲ್ಲ.

ಆರ್‌ಎಸ್-485 ಕೇಬಲ್ (ಮೀಟರ್, ಕಂಟ್ರೋಲರ್‌ಗಳ ಡೇಟಾ ಸಾಗಿಸುವುದು) ಒಂದರಿಂದ ಒಂದಕ್ಕೆ ಸರಪಳಿಯ ಹಾಗೆ ಹೋಗಬೇಕು. ಎರಡು ಕೊನೆಯಲ್ಲಿ ಮಾತ್ರ 120 ಓಮ್ ರೆಸಿಸ್ಟರ್. ಲೈಟಿನ ವೈರ್ ಎಳೆದು ಅಭ್ಯಾಸ ಇರುವ ಹುಡುಗರು ಒಂದು ಜಂಕ್ಷನ್ ಬಾಕ್ಸ್‌ನಿಂದ ನಾಲ್ಕು ದಿಕ್ಕಿಗೂ ಎಳೆಯುತ್ತಾರೆ. ಅವರ ತಪ್ಪಲ್ಲ, ಅವರಿಗೆ ಯಾರೂ ಹೇಳಿರುವುದಿಲ್ಲ. ಡ್ರಾಯಿಂಗ್ ಇಂಗ್ಲಿಷ್‌ನಲ್ಲಿ, ಹುಡುಗರು ಒಡಿಶಾ, ಬಿಹಾರದಿಂದ ಬಂದವರು. ಇಂಥ ಒಂದು ಕಟ್ಟಡದಲ್ಲಿ ಮೂರು ಮಹಡಿ ಬಿಚ್ಚಿ ಮತ್ತೆ ಎಳೆದೆವು. ಕೆಲವು ಕಡೆ ಆ ಕೇಬಲ್ ವಿಎಫ್‌ಡಿಯ ಪವರ್ ಕೇಬಲ್ ಜೊತೆ ಒಂದೇ ಟ್ರೇನಲ್ಲಿ ಮಲಗಿತ್ತು. ಮೋಟರ್ ಶುರುವಾದರೆ ರೀಡಿಂಗ್ ಬರುವುದೇ ನಿಲ್ಲುತ್ತಿತ್ತು.

ಈಗ ನಾವು ಮಾಡುವುದು ಇಷ್ಟು. ಒಂದು ಮಹಡಿಯನ್ನು ಮೊದಲು ಪೂರ್ತಿ ಮುಗಿಸುತ್ತೇವೆ. ಕೇಬಲ್, ಕಂಟ್ರೋಲರ್, ಸ್ವಿಚ್, ಕೊನೆಗೆ ಸ್ಕ್ರೀನ್ ಮೇಲೆ ಗ್ರಾಫಿಕ್ಸ್ ಬರುವವರೆಗೆ. ಎಲ್ಲಾ ಕಾಂಟ್ರಾಕ್ಟರ್‌ಗಳ ಫೋರ್‌ಮನ್‌ಗಳೂ ಅಲ್ಲಿಗೆ ಬಂದು ನೋಡಬೇಕು. ಅದೇ ಸ್ಯಾಂಪಲ್ ಮಹಡಿ. ಆಮೇಲೆ ಉಳಿದ ಮಹಡಿ. ಸೀಲಿಂಗ್ ಮುಚ್ಚುವ ಮೊದಲು ಪ್ರತಿ ಡಿವೈಸ್‌ನ ಲೇಬಲ್ ಫೋಟೋ ವಾಟ್ಸ್‌ಆ್ಯಪ್ ಗ್ರೂಪ್‌ಗೆ ಬರಬೇಕು. ಫೋಟೋ ಇಲ್ಲದಿದ್ದರೆ ಸೀಲಿಂಗ್‌ನವರಿಗೆ ಒಪ್ಪಿಗೆ ಇಲ್ಲ. ಈ ಒಂದು ನಿಯಮ ನಮಗೆ ಎಷ್ಟು ಕೆಲಸ ಉಳಿಸಿದೆ ಅಂದರೆ ಹೇಳಲು ಆಗದು.

ಫೆಸಿಲಿಟಿ ಮ್ಯಾನೇಜರ್, ಮೈಸೂರು

ಎಲ್ಲರೂ ಹೋದ ಮೇಲೆ ಉಳಿಯುವವಳು ನಾನು. ಅಲ್ಲಿಂದ ನೋಡಿ ಹೇಳುತ್ತೇನೆ.

ಹ್ಯಾಂಡೋವರ್ ಆಗಿ ಎಂಟು ತಿಂಗಳಿಗೆ ನಮ್ಮ ಒಂದು ಮೇನ್ ಕಂಟ್ರೋಲರ್ ಸುಟ್ಟುಹೋಯಿತು. ಹೊಸದು ತರಿಸಿದೆವು. ಪ್ರೋಗ್ರಾಂ ಬ್ಯಾಕಪ್ ಎಲ್ಲಿ? ಕಮಿಷನಿಂಗ್ ಮಾಡಿದ ಹುಡುಗನ ಲ್ಯಾಪ್‌ಟಾಪ್‌ನಲ್ಲಿ. ಆತ ಕೆಲಸ ಬಿಟ್ಟು ಗಲ್ಫ್‌ಗೆ ಹೋಗಿದ್ದ. ಪಾಯಿಂಟ್ ಪಾಯಿಂಟ್ ಹೊಸದಾಗಿ ಬರೆಸಬೇಕಾಯಿತು. ಆ ಹದಿನೈದು ದಿನ ಏಳು ಎಎಚ್‌ಯುಗಳನ್ನು ಕೈಯಿಂದ ಆನ್ ಆಫ್ ಮಾಡಿಸಿದೆ. ನನ್ನ ಹುಡುಗರು ಮೆಟ್ಟಿಲು ಹತ್ತಿ ಹತ್ತಿ ಸುಸ್ತಾಗಿದ್ದರು.

ಕೊನೆಯ ಬಿಲ್ ಪಾಸ್ ಮಾಡುವ ಮೊದಲು ಇವು ನಿಮ್ಮ ಕೈಗೆ ಬರಲಿ: ಪ್ರತಿ ಕಂಟ್ರೋಲರ್‌ನ ಬ್ಯಾಕಪ್, ಅಡ್ಮಿನ್ ಪಾಸ್‌ವರ್ಡ್, ಸಾಫ್ಟ್‌ವೇರ್ ಲೈಸೆನ್ಸ್ ಮಾಲೀಕರ ಹೆಸರಿನಲ್ಲಿ, ಐಪಿ ಪಟ್ಟಿ, ನಿಜವಾಗಿ ಎಳೆದ ಹಾಗೆ ಬರೆದ ಡ್ರಾಯಿಂಗ್. ಬ್ಯಾಕ್‌ನೆಟ್ ಎಸ್‌ಸಿ (ಬ್ಯಾಕ್‌ನೆಟ್‌ನ ಸುರಕ್ಷಿತ ರೂಪ) ಹಾಕುತ್ತಿದ್ದರೆ ಅದರಲ್ಲಿ ಸರ್ಟಿಫಿಕೇಟ್‌ಗಳಿರುತ್ತವೆ, ಅವಕ್ಕೆ ಅವಧಿ ಇರುತ್ತದೆ. ಅದು ಮುಗಿಯುವ ತಾರೀಖು ಯಾರ ಕ್ಯಾಲೆಂಡರ್‌ನಲ್ಲಿದೆ ಅಂತ ಕೇಳಿ. ಮತ್ತೆ, ದಯವಿಟ್ಟು ನಿಮ್ಮ ಫೆಸಿಲಿಟಿ ಟೀಮ್‌ನಿಂದ ಒಬ್ಬರನ್ನು ಈಗಿನಿಂದಲೇ ವಾರದ ಮೀಟಿಂಗ್‌ಗೆ ಕರೆಯಿರಿ. ಯಾವ ವಾಲ್ವ್ ಹತ್ತಿರ ಕೈ ಹೋಗುವುದಿಲ್ಲ, ಯಾವ ಅಲಾರಂ ಸುಮ್ನೆ ಹೊಡೆದುಕೊಳ್ಳುತ್ತದೆ ಅಂತ ಅವರಿಗೆ ಮೊದಲೇ ಗೊತ್ತಾಗುತ್ತದೆ.

ಕರೆಂಟ್ ಹೋದಾಗ ಏನಾಗುತ್ತದೆ ಅಂತ ಎಲ್ಲರನ್ನೂ ನಿಲ್ಲಿಸಿಕೊಂಡು ನೋಡಿ. ನಮ್ಮಲ್ಲಿ ಮಹಡಿ ಸ್ವಿಚ್‌ಗಳು ಯುಪಿಎಸ್ ಮೇಲೆ ಇರಲಿಲ್ಲ. ಡಿಜಿ ಬೇಗ ಬಂದರೂ ಸ್ವಿಚ್ ಪೂರ್ತಿ ಮೇಲೇಳಲು ಕೆಲವು ನಿಮಿಷ ಬೇಕು. ಅಷ್ಟೂ ಹೊತ್ತು ಸ್ಕ್ರೀನ್ ಪೂರ್ತಿ ಕೆಂಪು. ಬೆಂಗಳೂರಿನ ಮಳೆಗಾಲದಲ್ಲಿ ದಿನಕ್ಕೆ ಎಷ್ಟು ಸಲ ಹಾಗಾಗಬಹುದು ಅಂತ ನಿಮಗೇ ಗೊತ್ತು.

ಫೈರ್ ಸಿಸ್ಟಮ್ ಎಂಜಿನಿಯರ್, ಮಂಗಳೂರು

ಒಂದೇ ಮಾತು. ಬೆಂಕಿ ಬಿದ್ದಾಗ ಎಎಚ್‌ಯು ನಿಲ್ಲುವುದು, ಹೊಗೆ ಫ್ಯಾನ್ ಶುರುವಾಗುವುದು, ಲಿಫ್ಟ್ ನೆಲಮಹಡಿಗೆ ಬರುವುದು, ಬಾಗಿಲಿನ ಲಾಕ್ ಬಿಡುವುದು ಇವು ನೆಟ್‌ವರ್ಕ್ ನಂಬಿಕೊಂಡು ಇರಬಾರದು. ನೇರ ವೈರ್ ಹಾಕಿಸಿ. ಬಿಎಂಎಸ್‌ಗೆ ಬರೀ ತೋರಿಸುವ ಕೆಲಸ. ಟೆಸ್ಟ್ ದಿನ ಎಲ್ಲಾ ಕಾಂಟ್ರಾಕ್ಟರ್‌ಗಳೂ ಇರಬೇಕು. ಕಾಸ್ ಅಂಡ್ ಎಫೆಕ್ಟ್ ಪಟ್ಟಿ (ಯಾವ ಅಲಾರಂ ಬಂದರೆ ಏನೇನು ಆಗಬೇಕು ಅನ್ನುವುದು) ಹಿಡಿದು ನೆಟ್‌ವರ್ಕ್ ಕೇಬಲ್ ಕಿತ್ತು ಒಮ್ಮೆ ನೋಡಿ, ಹಾಕಿ ಒಮ್ಮೆ ನೋಡಿ. ಎರಡು ಸಲವೂ ಒಂದೇ ರೀತಿ ಆಗಬೇಕು.

ಪ್ರಶ್ನೆ ಕೇಳಿದವಳು

ಎಲ್ಲರಿಗೂ ಮನಸಾರೆ ಧನ್ಯವಾದ. ಹಾಳೆ ಮಾಡಿದೆ. ನಲವತ್ತಮೂರು ಸಾಲು ಬಂತು. ಅದರಲ್ಲಿ ಹದಿನೇಳು ಸಾಲಿಗೆ ಯಾರ ಹೆಸರೂ ಇಲ್ಲ. ಚಿಲ್ಲರ್ ಪಿಒದಲ್ಲಿ ಕಾರ್ಡ್ ಇದೆ, ಡಿಜಿಯದರಲ್ಲಿ ಇಲ್ಲ. ಗುರುವಾರದ ಮೀಟಿಂಗ್‌ಗೆ ಐಟಿಯವರು ಬರಲು ಒಪ್ಪಿದ್ದಾರೆ. ಪೋರ್ಟ್ ಪಟ್ಟಿ ಮೊದಲೇ ಕಳಿಸಿದ್ದೆ, ಅದೇ ಕಾರಣ ಅನ್ನಿಸುತ್ತದೆ. ಲಿಫ್ಟ್‌ನವರು ಮಾತ್ರ ಗೇಟ್‌ವೇಗೆ ತುಂಬಾ ಜಾಸ್ತಿ ಕೇಳುತ್ತಿದ್ದಾರೆ. ಏನು ಮಾಡಲಿ?

ಬಿಎಂಎಸ್ ಕಮಿಷನಿಂಗ್ ಎಂಜಿನಿಯರ್, ಬೆಂಗಳೂರು

ಗೇಟ್‌ವೇ ಬಿಡಿ ಮೇಡಂ. ಪ್ರತಿ ಲಿಫ್ಟ್‌ಗೆ ಮೂರು ಪೊಟೆನ್ಶಿಯಲ್ ಫ್ರೀ ಕಾಂಟ್ಯಾಕ್ಟ್ (ತನ್ನದೇ ಕರೆಂಟ್ ಇಲ್ಲದೆ ಬರೀ ಆನ್-ಆಫ್ ತಿಳಿಸುವ ಸಂಪರ್ಕ) ಕೇಳಿ: ಓಡುತ್ತಿದೆ, ಕೆಟ್ಟಿದೆ, ಒಳಗಿನವರು ಅಲಾರಂ ಒತ್ತಿದ್ದಾರೆ. ಫೆಸಿಲಿಟಿಯವರಿಗೆ ದಿನಾ ಬೇಕಾಗುವುದು ಅಷ್ಟೇ. ಲಿಫ್ಟ್ ಮೆಷಿನ್ ಹತ್ತಿರದ ಬಿಎಂಎಸ್ ಪ್ಯಾನೆಲ್‌ನಲ್ಲಿ ಅಷ್ಟು ಇನ್‌ಪುಟ್ ಖಾಲಿ ಇದೆಯಾ ಅಂತ ಮಾತ್ರ ಗುರುವಾರದೊಳಗೆ ನೋಡಿಸಿಕೊಳ್ಳಿ.