ಅಪ್ಪನ ಲಿವರ್ ರಿಪೋರ್ಟ್: ಒಂದರಲ್ಲಿ 9.3, ಇನ್ನೊಂದರಲ್ಲಿ 3.2 ಕಿಲೋಪಾಸ್ಕಲ್. ಯಾವುದು ಸರಿ?

ಡಿಪ್ಲೊಮಾ_ಹುಡುಗ:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 61 ವರ್ಷ, ಶುಗರ್ ಇದೆ, ಫ್ಯಾಟಿ ಲಿವರ್ ಅಂತಲೂ ಹೇಳಿದ್ದಾರೆ. ಲಿವರ್ ಎಷ್ಟು ಬಿಗಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿದಾಗ 9.3 ಬಂತು. ತಿಂಗಳಾದ ಮೇಲೆ ಬೇರೆ ಕಡೆ ಅದೇ ಬಿಗಿಯನ್ನು ಎಂಆರ್‌ಐ ಮಷಿನ್‌ನಲ್ಲಿ ಅಳೆಯುವ ಎಂಆರ್ ಎಲಾಸ್ಟೋಗ್ರಫಿ ಮಾಡಿಸಿದೆವು, ಅದರಲ್ಲಿ 3.2. ಎರಡೂ ಕಿಲೋಪಾಸ್ಕಲ್‌ನಲ್ಲೇ ಇವೆ. ಲಿವರ್ ಮೆತ್ತಗಾಗಿದೆ ಅಂತ ಅಪ್ಪ ತುಂಬಾ ಖುಷಿಯಲ್ಲಿದ್ದಾರೆ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು, ಒಂದೇ ತಿಂಗಳಲ್ಲಿ ಮೂರು ಪಟ್ಟು ಇಳಿಯೋದು ನನಗೆ ನಂಬಿಕೆ ಬರ್ತಿಲ್ಲ. ಯಾವ ಮಷಿನ್ ತಪ್ಪು?

ಅಲೆ_ಲೆಕ್ಕ:
ಎರಡೂ ತಪ್ಪಿಲ್ಲ ತಮ್ಮ. ನೀವು ಓದಿದ ಸೂತ್ರವನ್ನೇ ನೆನಪು ಮಾಡಿಕೊಳ್ಳಿ: ಇ = 2ಜಿ(1 + ನ್ಯೂ). ಇ ಅಂದರೆ ಯಂಗ್ಸ್ ಮಾಡ್ಯುಲಸ್ (ಎಳೆದಾಗ, ಒತ್ತಿದಾಗ ತೋರುವ ಬಿಗಿ), ಜಿ ಅಂದರೆ ಶಿಯರ್ ಮಾಡ್ಯುಲಸ್ (ಪಕ್ಕಕ್ಕೆ ಜಾರಿಸಿದಾಗ ತೋರುವ ಬಿಗಿ), ನ್ಯೂ ಅಂದರೆ ಪಾಯ್ಸನ್ ಅನುಪಾತ, ಒತ್ತಿದಾಗ ವಸ್ತು ಪಕ್ಕಕ್ಕೆ ಎಷ್ಟು ಉಬ್ಬುತ್ತದೆ ಅನ್ನುವ ಲೆಕ್ಕ. ಉಕ್ಕಿಗೆ ಪಾಯ್ಸನ್ ಅನುಪಾತ 0.3 ಹಾಕುತ್ತೀರಿ, ಅಲ್ವಾ? ಲಿವರ್‌ನಲ್ಲಿ ಬಹುಪಾಲು ನೀರು. ಒತ್ತಿದರೆ ಪಕ್ಕಕ್ಕೆ ಉಬ್ಬುತ್ತದೆ, ಗಾತ್ರ ಕುಗ್ಗುವುದಿಲ್ಲ. ಹಾಗಾಗಿ ಇಲ್ಲಿ ಅದು ಹೆಚ್ಚುಕಡಿಮೆ 0.5, ಇ ಅಂದರೆ 3ಜಿ. ಫೈಬ್ರೋಸ್ಕ್ಯಾನ್ ಯಂಗ್ಸ್ ಮಾಡ್ಯುಲಸ್ ಕೊಡುತ್ತದೆ. ಎಂಆರ್ ವಿಧಾನ 1995ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನವರು ತೋರಿಸಿದ್ದು, ಅದರಲ್ಲಿ ಬರುವುದು ಶಿಯರ್ ಲೆಕ್ಕ, ಅಂದರೆ ಜಿ. 9.3ನ್ನು ಮೂರರಿಂದ ಭಾಗಿಸಿ, 3.1. ಎರಡೂ ಒಂದೇ ಮಾತು ಹೇಳುತ್ತಿವೆ.

ಅಳೆಯೋದು ಹೇಗೆ ಅಂದರೆ, ತಟ್ಟೆಯಲ್ಲಿ ಹಾಲುಬಾಯಿ ಹೊಯ್ದು ಆರಲು ಬಿಟ್ಟಿರುತ್ತೀರಲ್ಲ, ಅಂಚಿಗೆ ಬೆರಳಲ್ಲಿ ತಟ್ಟಿ ನೋಡಿ. ಸರಿಯಾಗಿ ಗಟ್ಟಿಯಾಗಿದ್ದರೆ ನಡುಕ ಸರ್ರನೆ ಆಚೆ ಅಂಚಿಗೆ ಹೋಗುತ್ತದೆ, ಮೆತ್ತಗಿದ್ದರೆ ನಿಧಾನ. ಫೈಬ್ರೋಸ್ಕ್ಯಾನ್ ಪಕ್ಕೆಲುಬುಗಳ ಸಂದಿಯಲ್ಲಿ 50 ಹರ್ಟ್ಸ್‌ನಲ್ಲಿ ಹೀಗೇ ತಟ್ಟುತ್ತದೆ, ಆ ನಡುಕ ಒಳಗೆ ಓಡುವುದನ್ನು ಅಲ್ಟ್ರಾಸೌಂಡ್ ಹಿಂಬಾಲಿಸುತ್ತದೆ. ನಿಮ್ಮ ತಂದೆಯದು ಸೆಕೆಂಡಿಗೆ ಸುಮಾರು 1.76 ಮೀಟರ್ ಓಡಿರಬೇಕು. ಅದರ ವರ್ಗಕ್ಕೆ ಸಾಂದ್ರತೆ 1000, ಮೇಲೆ ಮೂರು, ಗುಣಿಸಿ ನೋಡಿ, ಸುಮಾರು 9,300 ಪಾಸ್ಕಲ್, ಅಂದರೆ 9.3 ಕಿಲೋಪಾಸ್ಕಲ್ ಬರುತ್ತದೆ.

ಸ್ಕ್ಯಾನ್_ರೂಮ್:
ನಾನು ಇದೇ ಕೆಲಸದಲ್ಲಿದ್ದೇನೆ. ಮೊದಲು ರಿಪೋರ್ಟಿನಲ್ಲಿ ಐಕ್ಯೂಆರ್ (ಅಳತೆಗಳ ಚದುರಿಕೆ) ನೋಡಿ. ಹತ್ತು ಸಲ ತಟ್ಟಿ ಮಧ್ಯದ ಬೆಲೆ ತೆಗೆಯುತ್ತೇವೆ, ಚದುರಿಕೆ ಅದರ 30%ಕ್ಕಿಂತ ಜಾಸ್ತಿ ಇದ್ದರೆ ಆ ಅಂಕಿ ನಂಬುವ ಹಾಗಿಲ್ಲ. ಮೂರು ಗಂಟೆಯಾದರೂ ಖಾಲಿ ಹೊಟ್ಟೆ ಬೇಕು. ಊಟವಾದ ಮೇಲೆ ಲಿವರ್‌ಗೆ ರಕ್ತ ಹೆಚ್ಚು ಹರಿದು ಬಿಗಿಯಾಗುತ್ತದೆ. ಅದು ಲಿವರ್‌ನಲ್ಲಿ ಗಾಯದ ಕಲೆ ಕಟ್ಟಿದ ಬಿಗಿ ಅಲ್ಲ, ಆದರೆ ಮಷಿನ್‌ಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ದಯವಿಟ್ಟು ತಿಂದಿದ್ದರೆ ತಿಂದಿದ್ದೀವಿ ಅಂತ ಹೇಳಿಬಿಡಿ, ನಾವು ಬೈಯಲ್ಲ.

ಮುದ್ದೆ_ಮಾಡೆಲ್:
ಮೂರರ ಲೆಕ್ಕ ಸರಿ, ಆದರೆ ಅದನ್ನೇ ಎಲ್ಲ ಕಡೆ ಹಿಡಿದುಕೊಂಡು ಹೋಗಬೇಡಿ. ಆ ಸೂತ್ರದ ಹಿಂದೆ ಒಂದು ಊಹೆ ಇದೆ: ಲಿವರ್ ಅಂದರೆ ಎಲ್ಲ ಕಡೆಗೂ ಒಂದೇ ಸಮ ಇರುವ ಬರೀ ಸ್ಪ್ರಿಂಗ್. ನಿಜವಾದ ಅಂಗಾಂಶ ರಾಗಿ ಮುದ್ದೆಗೆ ಹತ್ತಿರ. ನಿಧಾನಕ್ಕೆ ಬೆರಳು ಒತ್ತಿದರೆ ಒಳಗೆ ಹೋಗುತ್ತದೆ, ಪಟ್ಟನೆ ಹೊಡೆದರೆ ಗಟ್ಟಿ. ಅದಕ್ಕೇ ಸ್ಪ್ರಿಂಗ್ ಪಕ್ಕದಲ್ಲಿ ಒಂದು ಡ್ಯಾಶ್‌ಪಾಟ್ (ಬೈಕಿನ ಶಾಕ್ ಅಬ್ಸಾರ್ಬರ್ ಥರ ವೇಗವನ್ನು ತಡೆಯುವ ಭಾಗ) ಇಟ್ಟು ಕೆಲ್ವಿನ್-ವಾಯ್ಟ್ ಮಾಡೆಲ್ ಮಾಡುತ್ತಾರೆ. ಅಲುಗಾಟ ಚುರುಕಾದಷ್ಟೂ ಬಿಗಿ ಏರುತ್ತದೆ. ಎಂಆರ್‌ನಲ್ಲಿ ಎದೆಗೆ ಕಟ್ಟುವ ಬಿಲ್ಲೆ ಸಾಮಾನ್ಯವಾಗಿ 60 ಹರ್ಟ್ಸ್‌ನಲ್ಲಿ ಅಲುಗುತ್ತದೆ, ಫೈಬ್ರೋಸ್ಕ್ಯಾನ್ 50, ಆದ್ದರಿಂದ ಇಲ್ಲಿ ಹತ್ತಿರ ಬಂತು. ಶಬ್ದದ ಒತ್ತಡದಿಂದ ತಳ್ಳುವ ಮಷಿನ್‌ಗಳಲ್ಲಿ ಅಲುಗಾಟ ಇನ್ನೂ ಚುರುಕು, ಅಂಕಿಯೂ ಬೇರೆ. ಮಾಂಸಖಂಡದಲ್ಲಂತೂ ಎಳೆಯ ಉದ್ದಕ್ಕೆ ಒಂದು ವೇಗ, ಅಡ್ಡಕ್ಕೆ ಇನ್ನೊಂದು! ಹಾಗಾಗಿ ಒಂದು ಮಷಿನ್‌ನ ಗಡಿಯನ್ನು (ಎಷ್ಟು ದಾಟಿದರೆ ತೊಂದರೆ ಅನ್ನುವ ಅಂಕಿ) ಇನ್ನೊಂದರ ಅಂಕಿಗೆ ಹಚ್ಚಬಾರದು. ಫೈಬ್ರೋಸ್ಕ್ಯಾನ್ ಗಡಿಗಳನ್ನು ಇಟ್ಟುಕೊಂಡು 3.2 ನೋಡಿ ನೆಮ್ಮದಿಯಾಗಿ ಕೂತವರನ್ನು ನೋಡಿದ್ದೇನೆ, ಸಂಕಟ ಆಗುತ್ತದೆ.

ಡಿಪ್ಲೊಮಾ_ಹುಡುಗ:
ತುಂಬಾ ಥ್ಯಾಂಕ್ಸ್. ಎಂಆರ್ ರಿಪೋರ್ಟ್ ಮತ್ತೆ ತೆಗೆದು ನೋಡಿದೆ, ಸಣ್ಣ ಅಕ್ಷರದಲ್ಲಿ 'ಶಿಯರ್ ಸ್ಟಿಫ್‌ನೆಸ್' ಅಂತಲೇ ಇದೆ. ಐಕ್ಯೂಆರ್ 14%. ಆದರೆ ಫೈಬ್ರೋಸ್ಕ್ಯಾನ್ ದಿನ ಅಪ್ಪ ಎಂಟು ಗಂಟೆಗೆ ಉಪ್ಪಿಟ್ಟು ತಿಂದಿದ್ದರು, ಸ್ಕ್ಯಾನ್ ಆದದ್ದು ಹತ್ತಕ್ಕೆ. ಬುಧವಾರ ಎರಡೂ ರಿಪೋರ್ಟ್ ತಗೊಂಡು ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ, ಉಪ್ಪಿಟ್ಟಿನ ವಿಷಯವನ್ನೂ ಹೇಳುತ್ತೇನೆ.